ಬಸುರಿಯರ ಲಸಿಕೆ: ಮಳೆ ಹಿಡಿಯುವ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ

ಜೂನ್ ಬಂತೆಂದರೆ ಕೊಡಗಿನಲ್ಲಿ ದಾರಿಯದ್ದೇ ಚಿಂತೆ. ನಾಪೋಕ್ಲು ಕಡೆ ಕಾವೇರಿ ನೀರು ರಸ್ತೆಗೇ ಬರುತ್ತದೆ. ತೋಟದ ದಾರಿಗೆ ಮರ ಬೀಳುತ್ತದೆ. 2018ರ ಆಗಸ್ಟ್‌ನ ಪ್ರವಾಹ, ಗುಡ್ಡ ಕುಸಿತವನ್ನು ಯಾರೂ ಮರೆತಿಲ್ಲ, ಅಲ್ವಾ? ಮನೆಯಲ್ಲಿ ಬಸುರಿ ಇದ್ದರೆ ಸೂಜಿಯ ದಿನವನ್ನು ಮಳೆ ನೋಡಿಕೊಂಡೇ ಲೆಕ್ಕ ಹಾಕಬೇಕು.

ಮೊದಲ ಕೆಲಸ ತಾಯಿ ಕಾರ್ಡ್ ಮಾಡಿಸುವುದು, ಅಂದರೆ ಬಸುರಿಯ ತಪಾಸಣೆ, ಸೂಜಿಗಳನ್ನು ಬರೆದಿಡುವ ಕಾರ್ಡ್. ಬಸುರು ಎಂದು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎಂದು ಸುಮ್ನೆ ಕೂರುವವರೇ ಜಾಸ್ತಿ. ಊರಿಗೆಲ್ಲ ಹೇಳುವುದು ಬೇಡ, ಅವರೊಬ್ಬರಿಗೆ ಹೇಳಿ ಸಾಕು. ಲಸಿಕೆ ಯಾವ ದಿನ, ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಎಂಬುದೂ ಅವರಿಗೆ ಗೊತ್ತಿರುತ್ತದೆ.

ಆಮೇಲೆ ಟಿಡಿ ಸೂಜಿ. ನಾವೆಲ್ಲ ಈಗಲೂ ಟಿಟಿ ಅಂತಲೇ ಕರೆಯುತ್ತೇವೆ. ಈಗಿನ ಸೂಜಿ ಧನುರ್ವಾಯುವಿನ ಜೊತೆ ಗಂಟಲುಮಾರಿಯನ್ನೂ ತಡೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಮೊದಲನೆಯದನ್ನು ಆದಷ್ಟು ಬೇಗ, ಎರಡನೆಯದನ್ನು ನಾಲ್ಕು ವಾರ ಬಿಟ್ಟು ಹಾಕಿಸಿಕೊಳ್ಳಬೇಕು. ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದು, ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಬೂಸ್ಟರ್ ಸಾಕು.

ಹಳೆಯ ಕಾರ್ಡ್ ಬೇಕಾಗುವುದು ಇಲ್ಲೇ. ನನ್ನ ಎರಡನೇ ಬಸುರಿನಲ್ಲಿ ನರ್ಸ್ ‘ಹೋದ ಸಲ ಎಷ್ಟು ಸೂಜಿ ಆಯ್ತು?’ ಎಂದು ಕೇಳಿದಾಗ ನನಗೆ ನೆನಪೇ ಬರಲಿಲ್ಲ. ಕಾರ್ಡ್ ತವರಿನಲ್ಲಿತ್ತು. ಅಮ್ಮ ಟ್ರಂಕ್ ತೆಗೆದು, ಸೀರೆಗಳ ಅಡಿಯಿಂದ ಅದನ್ನು ಹುಡುಕಿ, ಎರಡು ತಾರೀಕನ್ನೂ ಫೋನಿನಲ್ಲಿ ಓದಿ ಹೇಳಿದರು. ಅಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ಈಗಲೇ ಕಾರ್ಡಿನ ಫೋಟೋ ತೆಗೆದು ಗಂಡನ ಫೋನಿಗೂ ಕಳಿಸಿಡಿ.

ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಕಾಡು ಕಡಿಯುವ ಕತ್ತಿ ತಾಗಿದರೂ ಒಳಗೆ ಹೋಗಬಹುದು. ಹೊಕ್ಕುಳಬಳ್ಳಿ ಕೊಯ್ದ ಜಾಗದಿಂದ ಹಸುಗೂಸಿಗೂ ಬರಬಹುದು. ಅಮ್ಮ ಹಾಕಿಸಿಕೊಂಡ ಸೂಜಿಯ ಬಲ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ದಾಟುತ್ತದೆ.

ತೋಟದ ಕೂಲಿಯವರು ಇರುವ ಲೈನ್ ಮನೆಯ ಹೆಂಗಸರ ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಕೊಯ್ಲು ಮುಗಿದರೆ ಬೇರೆ ತೋಟ, ಎರಡನೇ ಸೂಜಿ ಅಲ್ಲಿಗೇ ನಿಂತುಹೋಗುತ್ತದೆ. ತೋಟದ ಮಾಲೀಕರೇ, ಆ ದಿನ ಜೀಪು ಕೊಡಿ, ಕೂಲಿ ಹಿಡಿಯಬೇಡಿ. ಕಾರ್ಡ್ ಕೈಯಲ್ಲಿದ್ದರೆ ಮುಂದಿನ ಸೂಜಿಯನ್ನು ಹೋದ ಊರಿನಲ್ಲೇ ಹಾಕಿಸಿಕೊಳ್ಳಬಹುದು. 36 ವಾರದೊಳಗೆ ಮುಗಿಸುವುದು ಒಳ್ಳೆಯದು. ವಾರ ದಾಟಿತೆಂದು ಮಾತ್ರ ಬಿಡಬೇಡಿ, ಆಮೇಲೂ ಕೊಡುತ್ತಾರೆ.

ಇನ್ನು ಡಾಕ್ಟರನ್ನು ಕೇಳಬೇಕಾದವು. ಫ್ಲೂ ಸೂಜಿಯನ್ನು ಬಸುರಿಯರು ಹಾಕಿಸಿಕೊಳ್ಳಬಹುದು. ನಮ್ಮ ಮಳೆ, ಚಳಿಗೆ ಅದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ನಾಯಿಕೆಮ್ಮನ್ನೂ ತಡೆಯುವ ಟಿಡ್ಯಾಪ್ ಅನ್ನು 27ರಿಂದ 36ನೇ ವಾರದೊಳಗೆ ಕೊಡುತ್ತಾರೆ. ಮಗುವಿಗೆ ನಾಯಿಕೆಮ್ಮು ತಡೆಯುವ ಮೊದಲ ಸೂಜಿ ಬೀಳುವುದು ಆರು ವಾರಕ್ಕೆ, ಅಲ್ಲಿಯವರೆಗೆ ಅಮ್ಮನದೇ ಕಾವಲು. ಇವೆರಡಕ್ಕೂ ಖಾಸಗಿಯಲ್ಲಿ ದುಡ್ಡು ಕೊಡಬೇಕಾಗುತ್ತದೆ. ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಗಳನ್ನು ಬಸುರಿನಲ್ಲಿ ಕೊಡುವುದಿಲ್ಲ. ನಾಯಿ ಕಚ್ಚಿದರೆ ಮಾತ್ರ ಕಾಯಬೇಡಿ. ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ರೇಬಿಸ್ ಸೂಜಿಗೆ ಬಸುರು ಅಡ್ಡಿಯಲ್ಲ.

ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತೋಳು ನೋಯಬಹುದು, ಸ್ವಲ್ಪ ಮೈ ಬಿಸಿಯಾಗಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಜ್ವರ ಜೋರಾದರೆ ಅಂಗಡಿ ಮಾತ್ರೆ ನುಂಗದೆ ಡಾಕ್ಟರಿಗೆ ತೋರಿಸಿ. ಏಳುವ ಮೊದಲು ಕಾರ್ಡಿನಲ್ಲಿ ತಾರೀಕು ಬರೆದಿದ್ದಾರಾ ನೋಡಿಕೊಳ್ಳಿ. ಅದೇ ಕಾರ್ಡ್ ಹೆರಿಗೆಗೂ ಜೊತೆಯಲ್ಲಿರಲಿ. ಮಗು ಹುಟ್ಟಿದ 24 ಗಂಟೆಯೊಳಗೆ ಅದಕ್ಕೆ ಹೆಪಟೈಟಿಸ್ ಬಿ ಸೂಜಿ ಆಗಬೇಕು, ಡಿಸ್ಚಾರ್ಜ್‌ಗೆ ಮುಂಚೆ ಕೇಳಿ ಹಾಕಿಸಿ.