ಚಾಪೆಲ್ ಹಡಗಿನೊಳಗೆ ನಲವತ್ತು ಜನ: ಸಂಘದ ಪ್ರವಾಸಕ್ಕೆ ನಾವು ಮಾಡಿಕೊಳ್ಳುವ ತಯಾರಿ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತಿರುವ, ಈಗ ಸಂಗ್ರಹಾಲಯವಾಗಿರುವ ನೌಕಾಪಡೆಯ ಕ್ಷಿಪಣಿ ಹಡಗು ಐಎನ್‌ಎಸ್ ಚಾಪೆಲ್ ನೋಡಲು ಕುಮಟಾದಿಂದ ಸುಮಾರು 70 ಕಿ.ಮೀ. ಹೋಗಬೇಕು. ದೂರ ದೊಡ್ಡದಲ್ಲ. ಕಷ್ಟವಿರುವುದು ಹಡಗಿನೊಳಗೆ. ಉದ್ದ 39 ಮೀಟರ್‌ಗಿಂತ ತುಸು ಕಡಿಮೆ, ಅಗಲ ಏಳೂವರೆ ಮೀಟರ್‌ನಷ್ಟು. ಅದರಲ್ಲೂ ಯಂತ್ರ, ಕೊಳವೆ, ಉಪಕರಣಗಳು ಜಾಗ ತಿಂದ ಮೇಲೆ ಮನುಷ್ಯರಿಗೆ ಉಳಿಯುವುದು ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ದಾರಿ. ಮಕ್ಕಳೂ ಸೇರಿ ನಲವತ್ತು ಜನರ ನಮ್ಮ ಸೇವಾಸಂಘ ಒಟ್ಟಿಗೆ ನುಗ್ಗಿದರೆ ಮುಂದಿನವರು ಫೋಟೋಕ್ಕೆ ನಿಲ್ಲುತ್ತಾರೆ, ಹಿಂದಿನವರು ತಳ್ಳುತ್ತಾರೆ, ಯಾರೂ ಏನನ್ನೂ ನೋಡುವುದಿಲ್ಲ.

ಹಾಗಾಗಿ ನಾವು ಹತ್ತು ಹತ್ತು ಜನರ ನಾಲ್ಕು ತಂಡ ಮಾಡುತ್ತೇವೆ. ಒಂದು ತಂಡಕ್ಕೆ 25 ನಿಮಿಷ. ಮುಂದೆ ಒಬ್ಬ ವಿವರಿಸುವವರು, ಕೊನೆಯಲ್ಲಿ ಒಬ್ಬ ತಲೆ ಎಣಿಸುವವರು. ಮೊದಲ ತಂಡ ಹೊರಗೆ ಬಂದು ಎಣಿಕೆ ಸರಿಯಾಗುವವರೆಗೆ ಎರಡನೆಯದು ಏಣಿ ಮುಟ್ಟಬಾರದು. ಉಳಿದ ಮೂವತ್ತು ಜನ ಬಿಸಿಲಲ್ಲಿ ಕಾಯುವುದು ಬೇಡ. ಅದೇ ತೀರದ ರಾಕ್ ಗಾರ್ಡನ್‌ನಲ್ಲಿ ಜಿಲ್ಲೆಯ ಬುಡಕಟ್ಟುಗಳ ಬದುಕಿನ ಶಿಲ್ಪಗಳಿವೆ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಹಾರಿದ ಟುಪೊಲೆವ್-142 ಮಾದರಿಯ ಕಡಲ ಕಣ್ಗಾವಲು ವಿಮಾನವೂ ಪಕ್ಕದಲ್ಲೇ ಇದೆ. ತಂಡಗಳನ್ನು ಈ ಮೂರು ಕಡೆ ಸುತ್ತಿಸಿದರೆ ಎರಡು ಗಂಟೆ ಸರಿಯಾಗಿ ಸಾಲುತ್ತದೆ.

ಸಮಯ ಬೆಳಗ್ಗೆಯದೇ ಆಗಬೇಕು. ಉಕ್ಕಿನ ಮೈ ಹನ್ನೊಂದರ ನಂತರ ಕಾಯುತ್ತದೆ, ಒಳಗೆ ಗಾಳಿಯಾಡುವುದು ಕಡಿಮೆ, ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಕುಮಟಾ ಬಿಡುವುದು ಆರೂವರೆಗೆ. ರಬ್ಬರ್ ಅಡಿಯ ಚಪ್ಪಲಿ ಇರಲಿ. ಸೀರೆಯ ನೆರಿಗೆಗೆ ಪಿನ್ನು ಹಾಕಲೇಬೇಕು, ಏಕೆಂದರೆ ಹಡಗಿನ ಬಾಗಿಲುಗಳ ಹೊಸ್ತಿಲು ನೀರು ತಡೆಯಲೆಂದು ಎತ್ತರವಾಗಿರುತ್ತದೆ. ಕಾಲು ಎಡವಿ ಹಣೆ ಬಡಿಯುವುದು ಅಲ್ಲಿಯೇ. ಚೀಲ ಬಸ್ಸಿನಲ್ಲಿಡಿ. ಮಂಡಿನೋವಿರುವವರನ್ನು ಒಳಗೆ ಒತ್ತಾಯಿಸಬೇಡಿ. ಅವರೊಂದಿಗೆ ಒಬ್ಬರು ಕೆಳಗೇ ನಿಂತು ಹೊರಗಿನಿಂದ ಕ್ಷಿಪಣಿಯ ಕೊಳವೆ, ಫಿರಂಗಿ ತೋರಿಸಿದರೆ ಅರ್ಧ ಹಡಗು ನೋಡಿದ ಹಾಗೆಯೇ.

ಹೊರಡುವ ಒಂದು ವಾರ ಮೊದಲು ಮತ್ತು ಹಿಂದಿನ ದಿನ, ಎರಡು ಸಲ ಸಂಗ್ರಹಾಲಯಕ್ಕೆ ಫೋನ್ ಮಾಡಿ ತೆರೆದಿದೆಯೇ ಎಂದು ಕೇಳಬೇಕು. ಕಡಲ ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತಲೇ ಇರುತ್ತದೆ. ದುರಸ್ತಿಗೆಂದೋ ಬಣ್ಣಕ್ಕೆಂದೋ ಮುಚ್ಚಿದ್ದರೆ ನಲವತ್ತು ಜನ ಗೇಟಿನಿಂದ ವಾಪಸ್. ಮಳೆಗಾಲದ ಯೋಚನೆಯೇ ಬೇಡ.

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕಾದ್ದು ವಿವರಣೆಗೆ. ಈ ಹಡಗು 1971ರ ಭಾರತ-ಪಾಕ್ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತು ಎಂದು ಬಹಳ ಜನ ನಂಬಿದ್ದಾರೆ, ಮಕ್ಕಳಿಗೂ ಹಾಗೆಯೇ ಹೇಳುತ್ತಾರೆ. ಅದು ತಪ್ಪು. ಚಾಪೆಲ್ ನೌಕಾಪಡೆ ಸೇರಿದ್ದು 1976ರಲ್ಲಿ, ನಿವೃತ್ತಿ 2005ರಲ್ಲಿ, ಸಂಗ್ರಹಾಲಯವಾದದ್ದು 2006ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್ ಎಂಬ ಹಡಗುಗಳು. ಅವೂ ಚಾಪೆಲ್‌ನಂತೆ ಸೋವಿಯತ್ ದೇಶದ ಓಸಾ ಎಂಬ ಕ್ಷಿಪಣಿ ಹಡಗಿನ ಜಾತಿಯವೇ, ಆದರೆ ಹಿಂದಿನ ಮಾದರಿ. ನೌಕಾಪಡೆಯ ದಿನವನ್ನು ಡಿಸೆಂಬರ್ 4ರಂದು ಆಚರಿಸುವುದು ಆ ದಾಳಿಯ ನೆನಪಿಗೆ.

ಈ ವ್ಯತ್ಯಾಸವನ್ನು ಹಡಗೇ ತೋರಿಸಿಕೊಡುತ್ತದೆ. ಹಿಂದಿನ ಮಾದರಿಯ ಕ್ಷಿಪಣಿಗಳಿಗೆ ರೆಕ್ಕೆ ಮಡಚಲು ಬರುತ್ತಿರಲಿಲ್ಲ, ಆದ್ದರಿಂದ ಅವುಗಳಿಗೆ ಪೆಟ್ಟಿಗೆಯಂಥ ದೊಡ್ಡ ಗೂಡು ಬೇಕಿತ್ತು. ನಂತರ ಮಡಚುವ ರೆಕ್ಕೆ ಬಂತು, ಗೂಡು ದುಂಡನೆಯ ಕೊಳವೆಯಾಯಿತು. ಚಾಪೆಲ್ ಈ ಎರಡನೇ ಮಾದರಿಯದು. ಹೇಳಿಕೊಟ್ಟರೆ ಏಳನೇ ತರಗತಿಯ ಮಗುವೂ ಕೊಳವೆಯ ಆಕಾರ ನೋಡಿ ಇದು 1971ರದಲ್ಲ ಎನ್ನಬಲ್ಲದು. ಇತಿಹಾಸವನ್ನು ವಸ್ತುವಿನಿಂದ ಓದುವುದೆಂದರೆ ಇದೇ. ಅದಕ್ಕಾಗಿಯೇ ನಾವು ಇಷ್ಟು ದೂರ ಕರೆದೊಯ್ಯುವುದು.

ಆದ್ದರಿಂದ ಫಲಕ ನೋಡಿ ನಕಲು ಮಾಡುವ ಪ್ರಶ್ನೆಗಳನ್ನು ನಾವು ಕೊಡುವುದಿಲ್ಲ. ಮಕ್ಕಳೂ ಸದಸ್ಯರೂ ಇಬ್ಬಿಬ್ಬರು ಜೊತೆಯಾಗಿ ಒಂದು ಹಾಳೆ, ಅದರಲ್ಲಿ ಐದೇ ಪ್ರಶ್ನೆ: ಕ್ಷಿಪಣಿಯ ಕೊಳವೆಗಳು ಎಷ್ಟು, ಯಾವ ಆಕಾರ, ಯಾವ ಕಡೆ ಮುಖ ಮಾಡಿವೆ? ಮುಂದೆ ಒಂದು, ಹಿಂದೆ ಒಂದು ಫಿರಂಗಿ ಏಕೆ? ಮಲಗುವ ಜಾಗವನ್ನು ಗೇಣಿನಲ್ಲಿ ಅಳೆಯಿರಿ. ಹೊಸ್ತಿಲ ಎತ್ತರವೆಷ್ಟು? ನಿಮಗೆ ಕಂಡ, ಯಾರೂ ಹೇಳದ ಒಂದು ವಸ್ತು ಯಾವುದು? ಹತ್ತು ಪ್ರಶ್ನೆ ಕೊಟ್ಟರೆ ಕಣ್ಣು ಕಾಗದದ ಮೇಲೇ ಉಳಿಯುತ್ತದೆ.

ಖರ್ಚಿನಲ್ಲಿ ಎಡವುವುದು ಬಸ್ಸಿನ ಲೆಕ್ಕದಲ್ಲಿ. ಸಾರಿಗೆ ಸಂಸ್ಥೆಯ ಬಸ್ಸನ್ನು ಕರಾರಿನ ಮೇಲೆ ಪಡೆದರೆ ಕಿಲೋಮೀಟರು ಡಿಪೋದಿಂದ ಡಿಪೋಗೆ ಎಣಿಸುತ್ತಾರೆ, ನಾವು ಹತ್ತುವ ಜಾಗದಿಂದಲ್ಲ. ಖಾಸಗಿಯಾದರೆ ದಾರಿಯಲ್ಲಿನ ಹಟ್ಟಿಕೇರಿ ಟೋಲ್ ಕಟ್ಟುವುದು ಯಾರೆಂದು ಮೊದಲೇ ಬರೆಸಿಕೊಳ್ಳಿ. ನೀರು ತಲಾ ಒಂದೂವರೆ ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ತಿಂಡಿಗೆ ನಾಲ್ಕು ಕಿಲೋ ಅವಲಕ್ಕಿಯ ಒಗ್ಗರಣೆ ಸಾಕು. ಹಸಿ ತೆಂಗಿನತುರಿ ಮಾತ್ರ ಬೇರೆ ಡಬ್ಬದಲ್ಲಿ ಒಯ್ದು ತಿನ್ನುವಾಗಲೇ ಬೆರೆಸಿ. ಮುಂಜಾನೆಯೇ ಬೆರೆಸಿದ್ದು ಕರಾವಳಿಯ ಸೆಕೆಗೆ ಹನ್ನೊಂದಕ್ಕೆಲ್ಲ ಹಳಸುತ್ತದೆ.

ವಾಪಸ್ ಬರುವಾಗ ದಾರಿಯಲ್ಲೇ ಮಿರ್ಜಾನ್ ಕೋಟೆ ಸಿಗುತ್ತದೆ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ. ಒಂದೇ ದಿನ ಎರಡನ್ನೂ ನೋಡಿದರೆ ಉಕ್ಕಿನ ಹಡಗೂ ಚಿರೆಕಲ್ಲಿನ ಗೋಡೆಯೂ ಒಂದೇ ಕಡಲನ್ನು ಕಾದದ್ದೆಂದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ನಾಲ್ಕೂವರೆಗೆ ಕೋಟೆ ತಲುಪುವಂತೆ ಕಾರವಾರ ಬಿಡಿ. ಕೋಟೆಯೊಳಗಿನ ಬಾವಿಗಳ ಹತ್ತಿರ ಇಬ್ಬರು ದೊಡ್ಡವರನ್ನು ಮೊದಲೇ ನಿಲ್ಲಿಸಿ, ಆಮೇಲೆ ಮಕ್ಕಳನ್ನು ಒಳಗೆ ಬಿಡಿ.