ಸಂಡೇ ಸ್ಕೂಲ್ ಮಕ್ಕಳನ್ನು ಬೇಸಿಗೆ ಕ್ಯಾಂಪ್‌ಗೆ ಕರೆದುಕೊಂಡು ಹೋಗುವ ಮುಂಚೆ

ಮೊದಲು ಕ್ಯಾಲೆಂಡರ್ ನೋಡಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರವಾದರೂ ಬರಬಹುದು. ಅದೂ ಶಾಲೆಯ ಪರೀಕ್ಷೆಯೂ ಮುಗಿದ ಮೇಲೆ ಹೊರಟರೆ ಸಭೆಯವರೂ ಬಿಡುವಾಗಿರುತ್ತಾರೆ, ಮಕ್ಕಳಿಗೂ ರಜೆ ಇರುತ್ತದೆ.

ಅಪ್ಪ ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರ ಬೇಕೇ ಬೇಕು. ಎರಡು ಫೋನ್ ನಂಬರ್, ಮಗು ತಗೊಳ್ಳೋ ಮಾತ್ರೆ, ಯಾವ ತಿಂಡಿ ಆಗಲ್ಲ, ಎಲ್ಲಾ ಅದರಲ್ಲೇ ಬರೆಸಿ. ಬಾಯಿಮಾತು ಸಾಲದು.

ದೊಡ್ಡವರು ಸಾಕಷ್ಟು ಜನ ಇರಲಿ. ಹೆಣ್ಣುಮಕ್ಕಳ ಜೊತೆ ಅಕ್ಕಂದಿರು ಇರಲೇಬೇಕು. ಯಾರೇ ಆಗಲಿ, ಪಾಸ್ಟರ್ ಆದರೂ ಸರಿ, ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಇದರಲ್ಲಿ ಸಂಕೋಚ ಬೇಡ. 1098 ಮಕ್ಕಳ ಸಹಾಯವಾಣಿ ಅಂತ ಮಕ್ಕಳಿಗೂ ಹೇಳಿಕೊಡಿ.

ಚಾರ್ಮಾಡಿ ಘಾಟಿ ಇಳಿಯೋದಾದರೆ ಬೆಳಗ್ಗೆ ಪೂರಿ ಕೊಡಬೇಡಿ, ಎರಡು ಇಡ್ಲಿ ಸಾಕು. ವಾಂತಿ ಬರೋ ಮಕ್ಕಳು ಮುಂದಿನ ಸೀಟಿಗೆ, ಕೈಗೊಂದು ಕವರ್.

ನಿಜವಾದ ಕಷ್ಟ ಮೊದಲ ರಾತ್ರಿ. ಒಂದು ಸಲ ನಮ್ಮ ಕ್ಯಾಂಪಲ್ಲಿ ಹಗಲೆಲ್ಲಾ ಕುಣಿದು, ಹಾಡಿ, ಎಲ್ಲರಿಗಿಂತ ಜಾಸ್ತಿ ಗಲಾಟೆ ಮಾಡಿದ ಹುಡುಗನೇ ದೀಪ ಆರಿದ ಮೇಲೆ ಗೋಡೆ ಕಡೆ ತಿರುಗಿ, ಅಮ್ಮನ ಹಳೇ ಸೀರೆಯ ಹೊದಿಕೆ ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದ. ಸುಮ್ನೆ ಪಕ್ಕದಲ್ಲಿ ಕೂತೆ. ನೀರು ಕೊಟ್ಟೆ, ಮೆಲ್ಲಗೆ ಪ್ರಾರ್ಥನೆ ಮಾಡಿದೆ. ಹತ್ತು ನಿಮಿಷಕ್ಕೆ ನಿದ್ದೆ. ಮನೆಗೆ ಫೋನ್ ಬೆಳಗ್ಗೆ ಮಾಡಿಸಿ, ರಾತ್ರಿ ಮಾಡಿದರೆ ಅಳು ಎರಡೂ ಕಡೆ ಜಾಸ್ತಿಯಾಗುತ್ತೆ. ಆದರೆ ಮಗುವಿಗೆ ಹುಷಾರಿಲ್ಲ ಅಂದರೆ, ಇಲ್ಲಾ ಯಾರಿಗೋ ಹೆದರಿದೆ ಅನಿಸಿದರೆ, ತಕ್ಷಣ ಫೋನ್ ಮಾಡಿ.

ಬಸ್ ಹತ್ತುವಾಗ, ಇಳಿಯುವಾಗ, ಊಟಕ್ಕೆ ಕೂತಾಗ, ಪ್ರತಿಸಲ ತಲೆ ಎಣಿಸಿ.