ಬ್ಲೂ ರಿಡ್ಜ್ ಪಾರ್ಕ್‌ವೇ: ಇಬ್ಬರು, ಒಂದು ಆರ್‌ವಿ, ಹನ್ನೆರಡು ರಾತ್ರಿ

ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಿಂದ ನಾರ್ತ್ ಕ್ಯಾರೊಲೈನಾದ ಚೆರೊಕೀವರೆಗೆ ಬೆಟ್ಟದ ನೆತ್ತಿಯ ಮೇಲೆಯೇ ಸಾಗುವ ಈ ರಸ್ತೆ 469 ಮೈಲಿ. ಗರಿಷ್ಠ ವೇಗ ಗಂಟೆಗೆ 45 ಮೈಲಿ, ಕೆಲವು ಕಡೆ 35, 25. ಸರಕು ಲಾರಿಗಳಿಲ್ಲ, ಟೋಲ್ ಇಲ್ಲ. ಪೆಟ್ರೋಲ್ ಬಂಕ್ ಕೂಡ ಇಲ್ಲ. ಕಾರಿನಲ್ಲಿ ಮೂರು ದಿನಕ್ಕೆ ಮುಗಿಸುವವರಿದ್ದಾರೆ. ನಾವಿಬ್ಬರು ಆರ್‌ವಿಯಲ್ಲಿ, ಅಂದರೆ ಅಡುಗೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮನೆಗಾಡಿಯಲ್ಲಿ, ಹನ್ನೆರಡು ರಾತ್ರಿ ತೆಗೆದುಕೊಂಡೆವು. ದಿನಕ್ಕೆ ಸರಾಸರಿ 39 ಮೈಲಿ, ಸ್ಟೀರಿಂಗ್ ಹಿಂದೆ ಎರಡು ಗಂಟೆಗಿಂತ ಹೆಚ್ಚಿಲ್ಲ. ಎಷ್ಟು ನಿಧಾನವಾಗಿ ಹೋಗಬಹುದು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಗಾಡಿಯ ಬ್ಯಾಟರಿ ಮತ್ತು ನೀರಿನ ಟ್ಯಾಂಕು. ಅವುಗಳ ಲೆಕ್ಕ ಹಿಡಿದೇ ನಾವು ದಾರಿಯನ್ನು ಹಂಚಿಕೊಂಡದ್ದು.

ಪಾರ್ಕ್‌ವೇ ಮೇಲಿನ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೈಟಿಗೆ ಕರೆಂಟು, ನೀರಿನ ಸಂಪರ್ಕ ಕೊಡುವುದಿಲ್ಲ. ಹಾಗಾಗಿ ಎರಡು ರಾತ್ರಿ ಕಾಡಿನಲ್ಲಿ, ಮೂರನೆಯ ರಾತ್ರಿ ಕೆಳಗಿನ ಊರಿನ ಖಾಸಗಿ ಕ್ಯಾಂಪ್‌ಗ್ರೌಂಡಿನಲ್ಲಿ ಪೂರ್ತಿ ಹುಕ್‌ಅಪ್ (ಕರೆಂಟು, ನೀರು, ಕೊಳಚೆ ಪೈಪು ಮೂರರ ಸಂಪರ್ಕ). ಆಟರ್ ಕ್ರೀಕ್ (ಉತ್ತರದ ತುದಿಯಿಂದ ಮೈಲಿ 60.8), ಪೀಕ್ಸ್ ಆಫ್ ಆಟರ್ (86), ಆಮೇಲೆ ರೋನೋಕ್ ಊರು. ರಾಕಿ ನಾಬ್ (167), ಡೌಟನ್ ಪಾರ್ಕ್ (239), ಆಮೇಲೆ ಬೂನ್. ಲಿನ್‌ವಿಲ್ ಫಾಲ್ಸ್‌ನಲ್ಲಿ (316) ಎರಡು ರಾತ್ರಿ, ಆಮೇಲೆ ಆಶ್‌ವಿಲ್. ಮೌಂಟ್ ಪಿಸ್ಗಾದಲ್ಲಿ (408) ಎರಡು, ಕೊನೆಗೆ ಚೆರೊಕೀ. ಕಾಯ್ದಿರಿಸುವುದು Recreation.gov ತಾಣದಲ್ಲಿ. ಅಕ್ಟೋಬರ್ ಎಲೆಬಣ್ಣದ ಕಾಲಕ್ಕೆ ಹೋಗುವವರು ತಿಂಗಳುಗಟ್ಟಲೆ ಮುಂಚೆ ಕೈಹಾಕಬೇಕು. ಬಣ್ಣ ಎತ್ತರದಿಂದ ಕೆಳಗಿಳಿಯುತ್ತದೆ: ತಿಂಗಳ ಆರಂಭದಲ್ಲಿ ಪಿಸ್ಗಾ ಕಡೆಯ ನೆತ್ತಿ, ಕೊನೆಯ ಹೊತ್ತಿಗೆ ಕಣಿವೆ.

ನಾವು ಹೋದದ್ದು ಹೆಲೀನ್ ಚಂಡಮಾರುತಕ್ಕೆ ಮುಂಚೆ. 2024ರ ಸೆಪ್ಟೆಂಬರಿನ ಆ ಮಳೆಗೆ ನಾರ್ತ್ ಕ್ಯಾರೊಲೈನಾ ಭಾಗದಲ್ಲಿ ರಸ್ತೆ ಹಲವು ಕಡೆ ಕುಸಿಯಿತು, ದುರಸ್ತಿಗೆ ವರ್ಷಗಳೇ ಬೇಕಾದವು. ಹೊರಡುವ ವಾರ ಮಾತ್ರವಲ್ಲ, ಪ್ರತಿದಿನ ಬೆಳಿಗ್ಗೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ರಸ್ತೆ ಸ್ಥಿತಿಯ ಪುಟ ನೋಡಬೇಕು. ಮಂಜು ಕವಿದರೆ, ಮರ ಬಿದ್ದರೆ ಗೇಟು ಹಾಕುತ್ತಾರೆ. ಫೋನಿನ ನಕ್ಷೆಯನ್ನು ಮಾತ್ರ ನಂಬಬೇಡಿ. ಬೇಗ ತಲುಪಿಸುವುದೇ ಅದರ ಕೆಲಸ, ಹಾಗಾಗಿ ಸಿಕ್ಕ ಸಿಕ್ಕಲ್ಲಿ ಹೆದ್ದಾರಿಗೆ ಇಳಿಸಲು ನೋಡುತ್ತದೆ. ನೆಟ್‌ವರ್ಕ್ ಕೂಡ ಬಂದುಹೋಗಿ ಮಾಡುತ್ತದೆ. ಇಲ್ಲಿ ವಿಳಾಸ ಎಂದರೆ ಮೈಲಿಕಲ್ಲು. ಉತ್ತರದ ತುದಿ ಸೊನ್ನೆ.

ಗಾಡಿ ಬಾಡಿಗೆಯದು, 24 ಅಡಿಯ ಕ್ಲಾಸ್ ಸಿ ಎಂಬ ಮಾದರಿ, ಫೋರ್ಡ್ ಇ-350 ಚಾಸಿ ಮೇಲೆ ಕಟ್ಟಿದ್ದು. ಎತ್ತರ ಛಾವಣಿಯ ಎಸಿ ಸೇರಿ 11 ಅಡಿ 3 ಇಂಚು. ಈ ಅಳತೆಯನ್ನು ಕಾಗದದ ಮೇಲೆ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ. ಬಾಡಿಗೆಯವರು ಹೇಳುವ ಅಳತೆಯಲ್ಲಿ ಎಸಿ ಸೇರಿದೆಯೋ ಇಲ್ಲವೋ ಕೇಳಿಯೇ ತಿಳಿಯಬೇಕು. ಉದ್ದ 24 ದಾಟಿದರೆ ಕ್ಯಾಂಪ್ ಸೈಟುಗಳು ಬೇಗ ಕಡಿಮೆಯಾಗುತ್ತವೆ. ಇವೆಲ್ಲ ಹಳೆಯ ಕಾಲದ ಸಣ್ಣ ಸೈಟುಗಳು. ಹಿಂದಿನ ಚಕ್ರದಾಚೆ ಗಾಡಿಯ ಬಾಲ ಉದ್ದ ಚಾಚಿರುವುದರಿಂದ, ವ್ಯೂಪಾಯಿಂಟ್‌ನಿಂದ ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಕಲ್ಲಿನ ಕಟ್ಟೆಗೆ ಉಜ್ಜುವುದು ಹೀಗೆ. ಒಂದು ಗಾಡಿಯುದ್ದ ನೇರ ಮುಂದೆ ಬಂದು ಆಮೇಲೆ ತಿರುಗಿಸಬೇಕು. ರಿವರ್ಸ್ ಮಾಡುವಾಗ ಒಬ್ಬರು ಕೆಳಗಿಳಿಯಲೇಬೇಕು. ನಮ್ಮ ಕರಾರು ಒಂದೇ: ಕನ್ನಡಿಯಲ್ಲಿ ಇಳಿದವರ ಮುಖ ಕಾಣದ ಕ್ಷಣ ಬ್ರೇಕು. ಕೂಗಾಟವಿಲ್ಲ, ಕೈಸನ್ನೆ ಮಾತ್ರ.

ಇನ್ನು ಇಳಿಜಾರು. ಜೇಮ್ಸ್ ನದಿಯ ಬಳಿ (ಮೈಲಿ 63.7) ರಸ್ತೆ 649 ಅಡಿಗೆ ಇಳಿದಿರುತ್ತದೆ. ಅಲ್ಲಿಂದ 13 ಮೈಲಿಯಲ್ಲಿ ಆಪಲ್ ಆರ್ಚರ್ಡ್ ಬೆಟ್ಟದ 3,950 ಅಡಿಗೆ ಏರುತ್ತದೆ. ಏರು ನಿಧಾನ, ಅಷ್ಟೆ. ಕಷ್ಟ ಇರುವುದು ರಿಚ್‌ಲ್ಯಾಂಡ್ ಬಾಲ್ಸಮ್‌ನಿಂದ (431.4, 6,053 ಅಡಿ, ಇಡೀ ರಸ್ತೆಯ ಅತಿ ಎತ್ತರ) ಬಾಲ್ಸಮ್ ಗ್ಯಾಪ್‌ವರೆಗಿನ (443) ಇಳಿತದಲ್ಲಿ: 12 ಮೈಲಿಯಲ್ಲಿ ಸುಮಾರು 2,700 ಅಡಿ. ಇಳಿಜಾರು ಶುರುವಾಗುವ ಮುಂಚೆಯೇ ಗೇರು ಕಡ್ಡಿಯ ತುದಿಯ ಟೋ-ಹಾಲ್ ಗುಂಡಿ (ಇಳಿಜಾರಿನಲ್ಲಿ ಕೆಳಗಿನ ಗೇರು ಹಿಡಿದಿಡಲು ನೆರವಾಗುವುದು) ಒತ್ತಿ, ವೇಗ 35ಕ್ಕೆ ತಂದು, ಕೆಳಗಿನ ಗೇರಿಗೆ ಬನ್ನಿ. ಎಂಜಿನ್ ಜೋರಾಗಿ ಅರಚುತ್ತದೆ. ಅರಚಲಿ, ಗಾಡಿಯನ್ನು ಹಿಡಿದಿರುವುದು ಅದೇ. 45 ಮುಟ್ಟಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ 35ಕ್ಕೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಕಾಲನ್ನು ಪೆಡಲ್ ಮೇಲೆ ಮೆಲ್ಲಗೆ ಇಟ್ಟೇ ಇಳಿದರೆ ಪ್ಯಾಡಿಗೆ ತಣಿಯಲು ಬಿಡುವೇ ಇರುವುದಿಲ್ಲ; ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ವಾಸನೆ ಬಂದರೆ ರಸ್ತೆ ಬದಿಯಲ್ಲಿ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ನೀರು ಹೊಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಪೆಟ್ರೋಲ್ ಅರ್ಧ ಟ್ಯಾಂಕಿಗೆ ಬಂದಾಗ ಕೆಳಗಿಳಿಯುವುದು ನಿಯಮ. ನಮಗೆ ಗ್ಯಾಲನ್‌ಗೆ ಒಂಬತ್ತು ಮೈಲಿ ಸಿಕ್ಕಿತು. ಆದರೆ ಎಲ್ಲಿ ಇಳಿಯುವುದು ಎಂಬುದು ಮುಖ್ಯ, ಏಕೆಂದರೆ ಪಾರ್ಕ್‌ವೇಗಿಂತ ಅದನ್ನು ಬಿಟ್ಟಿಳಿಯುವ ದಾರಿಗಳೇ ಕಡಿದು. ಸ್ಪ್ರೂಸ್ ಪೈನ್‌ಗೆ ಹೋಗುವ ಹೆದ್ದಾರಿ 226 (ಮೈಲಿ 331) ಒಳ್ಳೆಯದು. 226ಎ ಮತ್ತು ಬಕ್ ಕ್ರೀಕ್ ಗ್ಯಾಪ್‌ನಿಂದ ದಕ್ಷಿಣಕ್ಕಿಳಿಯುವ 80 ಬೈಕಿನವರ ತಿರುವುಗಳು, ಆರ್‌ವಿಗಲ್ಲ. ಫ್ಯಾನ್ಸಿ ಗ್ಯಾಪ್ (199), ಬ್ಲೋಯಿಂಗ್ ರಾಕ್ (292), ಬಾಲ್ಸಮ್ ಗ್ಯಾಪ್ ಸಲೀಸು.

ರಾತ್ರಿಯ ಚಳಿಗೆ ಪ್ರೊಪೇನ್ ಹೀಟರ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಮಲಗಬೇಡಿ. ಗ್ಯಾಸ್ ತುಂಬಿದ್ದರೂ ಅದರ ಫ್ಯಾನು ಓಡುವುದು 12 ವೋಲ್ಟ್ ಬ್ಯಾಟರಿಯಿಂದ, ಏಳೆಂಟು ಆಂಪ್ ಎಳೆಯುತ್ತದೆ. ರಾತ್ರಿಯಲ್ಲಿ ಒಟ್ಟು ಮೂರು ತಾಸು ಓಡಿದರೂ 24 ಆಂಪ್-ಅವರ್ ಹೋಯಿತು. 100 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು 50 ಮಾತ್ರ. ವೋಲ್ಟೇಜ್ ಕುಸಿದಾಗ ಫ್ಯಾನಿನ ಗಾಳಿ, ಸಾಕಷ್ಟು ಗಾಳಿ ಇದ್ದರೆ ಮಾತ್ರ ಬರ್ನರ್ ಹೊತ್ತಲು ಬಿಡುವ ಸೇಲ್ ಸ್ವಿಚ್ಚನ್ನು ತಳ್ಳುವಷ್ಟು ಇರುವುದಿಲ್ಲ. ಆಗ ಬರ್ನರ್ ಹೊತ್ತುವುದಿಲ್ಲ, ಫ್ಯಾನು ಮಾತ್ರ ತಣ್ಣನೆ ಗಾಳಿ ಊದುತ್ತಾ ಉಳಿದ ಬ್ಯಾಟರಿಯನ್ನೂ ತಿನ್ನುತ್ತದೆ. ಥರ್ಮೋಸ್ಟಾಟ್ 58 ಫ್ಯಾರನ್‌ಹೀಟ್‌ಗೆ ಇಟ್ಟು, ದಪ್ಪ ರಜಾಯಿ ಹೊದ್ದು, ಮಲಗುವ ಮುನ್ನ ಮೀಟರ್ ನೋಡುತ್ತಿದ್ದೆವು. 12.2 ವೋಲ್ಟ್‌ಗಿಂತ ಕಡಿಮೆ ಇದ್ದರೆ ಜನರೇಟರ್ ಓಡಿಸಬೇಕಿತ್ತು ಎಂದರ್ಥ, ಆದರೆ ರಾತ್ರಿ ಜನರೇಟರ್ ಓಡಿಸುವಂತಿಲ್ಲ. ಹಾಗಾಗಿ ಸಂಜೆ ಅಡುಗೆ ಹೊತ್ತಿಗೇ ಒಂದು ಗಂಟೆ ಓಡಿಸಿ ಮುಗಿಸಿ. ಫ್ರಿಜ್ ಗ್ಯಾಸಿನದಾಗಿದ್ದರೆ ಗಾಡಿ ಮಟ್ಟಸವಾಗಿ ನಿಲ್ಲಬೇಕು, ಓರೆಯಾದರೆ ಅದು ತಂಪು ಮಾಡುವುದನ್ನೇ ಬಿಡುತ್ತದೆ. ಚಕ್ರದಡಿ ಇಡುವ ಪ್ಲಾಸ್ಟಿಕ್ ಹಲಗೆ ಹತ್ತು ಇರಲಿ.

ಅಡುಗೆಗೆ ಮೂರು ಲೀಟರ್ ಪ್ರೆಶರ್ ಕುಕ್ಕರ್ ಒಯ್ಯಲೇಬೇಕು. ಪಿಸ್ಗಾ ಸುಮಾರು 5,000 ಅಡಿ. ನೀರು 95 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೇನೋ ಅನ್ನಿಸುತ್ತದೆ. ಕುಕ್ಕರಿನಲ್ಲೂ ಒಂದು ಕೂಗು ಹೆಚ್ಚು ಬೇಕು. ಒಗ್ಗರಣೆಗೆ ಮುಂಚೆ ಛಾವಣಿಯ ಫ್ಯಾನ್ ಹಾಕಿ. ಮೆಣಸಿನಕಾಯಿ ಸಿಡಿದ ಕೂಡಲೇ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಮುಂಚೆ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ. ಮೊದಲು ತುಂಬುವುದು ಸ್ನಾನ-ಪಾತ್ರೆಯ ಗ್ರೇ ಟ್ಯಾಂಕೇ. ನಮ್ಮದು 30 ಗ್ಯಾಲನ್, ದಿನಕ್ಕೆ 10ರಂತೆ ಬಳಸಿದ್ದಕ್ಕೆ ಮೂರು ದಿನ ಬಂತು. ಇಲ್ಲಿ ಕರಡಿಗಳಿವೆ. ಒಲೆ, ಕಸ, ತಿಂಡಿ, ಟೂತ್‌ಪೇಸ್ಟ್ ಸಹ ರಾತ್ರಿ ಹೊರಗಿರಬಾರದು.

ಖಾಲಿ ಮಾಡುವಾಗ ಮೊದಲು ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಹುಕ್‌ಅಪ್ ಇರುವ ಕಡೆ ಬ್ಲ್ಯಾಕ್ ವಾಲ್ವನ್ನು ತೆರೆದೇ ಇಡುವುದು ಹೊಸಬರ ಸಾಮಾನ್ಯ ತಪ್ಪು. ನೀರು ಹರಿದುಹೋಗಿ ಗಟ್ಟಿ ಪದಾರ್ಥ ಟ್ಯಾಂಕಿನಲ್ಲಿ ಗುಡ್ಡೆಯಾಗುತ್ತದೆ. ಅದನ್ನು ಬಿಡಿಸುವ ಕೆಲಸ ಬೇಡವೇ ಬೇಡ.

ಸುರಂಗಗಳು 26, ಒಂದನ್ನು ಬಿಟ್ಟು ಉಳಿದವೆಲ್ಲ ನಾರ್ತ್ ಕ್ಯಾರೊಲೈನಾದಲ್ಲಿ. ಒಳಗೆ ದೀಪವಿಲ್ಲ, ಹೆಡ್‌ಲೈಟ್ ಹಾಕಿಯೇ ನುಗ್ಗಬೇಕು. ಕಮಾನಿನಾಕಾರವಾದ್ದರಿಂದ ನಡುವೆ ಎತ್ತರ, ಅಂಚಿನಲ್ಲಿ ಗಿಡ್ಡ. ಸಾಮಾನ್ಯವಾಗಿ ಅಂಚಿನಲ್ಲೂ 13–14 ಅಡಿ ಸಿಗುತ್ತದೆ. ಆದರೆ ಮೈಲಿ 459.3ರ ಬಂಚಸ್ ಬಾಲ್ಡ್‌ನಲ್ಲಿ ಅಂಚಿನ ಬಿಳಿಗೆರೆಯ ಮೇಲೆ 10 ಅಡಿ 6 ಇಂಚು ಮಾತ್ರ. ನಡುಗೆರೆ ಹತ್ತಿ ದಾಟುವವರಿದ್ದಾರೆ, ಎದುರಿನವರು ನಿಲ್ಲುತ್ತಾರೆ ಎಂಬ ನಂಬಿಕೆಯ ಮೇಲೆ. ನಮಗೆ ಆ ನಂಬಿಕೆ ಸಾಲಲಿಲ್ಲ. ಸೋಕೋ ಗ್ಯಾಪ್‌ನಲ್ಲಿ (455.7) ಹೆದ್ದಾರಿ 19ಕ್ಕೆ ಇಳಿದು ಚೆರೊಕೀ ಸೇರಿದೆವು. ಕೊನೆಯ 13 ಮೈಲಿ ನೋಡಿಲ್ಲ. ಬಾಡಿಗೆ ಗಾಡಿಯ ಎಸಿ ಮುಚ್ಚಳ ಮಾತ್ರ ಇದ್ದ ಹಾಗೇ ವಾಪಸ್ ಹೋಯಿತು.